ನಾಟಕದಲ್ಲಿ ಸುಮ್ಮನೆ ನಿಂತೋರು ಓದುವಾಗ ಎಲ್ಲಿಗೆ ಹೋಗ್ತಾರೆ?

ಪ್ರಶ್ನೆ: ನಾನು ನಾಟಕ ಓದೋದು ಜಾಸ್ತಿ, ನೋಡೋದು ಕಡಿಮೆ. ಹ್ಯಾಮ್ಲೆಟ್ ಮೂರು ಸಲ ಓದಿದ್ದೆ, ಈಚೆಗೆ ಮೊದಲನೇ ಸಲ ಸ್ಟೇಜ್ ಮೇಲೆ ನೋಡ್ದೆ. ನಾನು ಓದಿದ ನಾಟಕ ಇದಲ್ಲವೇ ಅಲ್ಲ ಅನ್ನಿಸಿ ಬೇಜಾರಾಯ್ತು. ನನಗೆ ಬಾಯಿಪಾಠ ಆಗಿದ್ದ ಸಾಲುಗಳೇ ಕಾಣೆ, ನಾನು ಗಮನಿಸದೇ ಇದ್ದ ಏನೇನೋ ದೊಡ್ಡದಾಗಿ ಕಾಣಿಸ್ತು. ನಾನು ಓದಿದ್ದು ತಪ್ಪಾ, ಅವರು ಆಡಿದ್ದು ತಪ್ಪಾ? ನಾಟಕ ಇರೋದೇ ನೋಡೋಕೆ ಅಂದ್ಮೇಲೆ ಓದೋದು ವೇಸ್ಟಾ?

ಉತ್ತರ:

ಎರಡೂ ತಪ್ಪಲ್ಲ, ವೇಸ್ಟ್ ಅಂತೂ ಖಂಡಿತ ಅಲ್ಲ. ಆದ್ರೆ ಇಷ್ಟು ಹೇಳಿ ಬಿಟ್ಟರೆ ನಿಮ್ಮ ಬೇಜಾರು ಹಾಗೇ ಉಳಿಯುತ್ತೆ. "ನಾನು ಗಮನಿಸದೇ ಇದ್ದ ಏನೇನೋ ದೊಡ್ಡದಾಗಿ ಕಾಣಿಸ್ತು" ಅಂದ್ರಲ್ಲ, ಇಡೀ ವಿಷಯ ಆ ಒಂದು ಮಾತಲ್ಲೇ ಇದೆ, ಹಾಗಾಗಿ ಅಲ್ಲಿಂದ್ಲೇ ಶುರು ಮಾಡ್ತೀನಿ.

ಪುಸ್ತಕ ತೆಗೆದು ಮೊದಲನೇ ಅಂಕದ ಎರಡನೇ ದೃಶ್ಯ ನೋಡಿ. ಆಸ್ಥಾನ ಸೇರಿದೆ. ಹೊಸ ರಾಜ ಕ್ಲಾಡಿಯಸ್ ಮಾತಾಡ್ತಿದ್ದಾನೆ, ಅಣ್ಣ ತೀರಿಕೊಂಡ ದುಃಖ, ಅತ್ತಿಗೆಯನ್ನೇ (ಅಂದ್ರೆ ಹ್ಯಾಮ್ಲೆಟ್‌ನ ತಾಯಿಯನ್ನೇ) ಮದುವೆಯಾದ ಸಂತೋಷ, ನಾರ್ವೆ ಕಡೆಯಿಂದ ಬಂದಿರೋ ತಕರಾರು, ಅದಕ್ಕೆ ಇಬ್ಬರು ರಾಯಭಾರಿಗಳನ್ನ ಕಳಿಸೋದು, ಆಮೇಲೆ ಮಂತ್ರಿಯ ಮಗ ಲೇಯರ್ಟಿಸ್ ಫ್ರಾನ್ಸ್‌ಗೆ ವಾಪಸ್ ಹೋಗ್ತೀನಿ ಅಂತ ಪರ್ಮಿಷನ್ ಕೇಳೋದು. ಇಷ್ಟೆಲ್ಲ ಆಗೋಕೆ ಅರವತ್ತಕ್ಕೂ ಹೆಚ್ಚು ಸಾಲು ಹಿಡಿಯುತ್ತೆ. ಆಮೇಲೆ ಹ್ಯಾಮ್ಲೆಟ್ ಬಾಯಿ ಬಿಡ್ತಾನೆ, ಅದೂ ಒಂದೇ ಒಂದು ಸಾಲು. ಓದುವಾಗ ನಮಗೆ ಹ್ಯಾಮ್ಲೆಟ್ ಸಿಗೋದು ಆ ಸಾಲಲ್ಲೇ, ಅದಕ್ಕೆ ಮುಂಚೆ ಅವನು ಅಲ್ಲಿ ಇದ್ದ ಅನ್ನೋದೇ ಮರೆತುಹೋಗಿರುತ್ತೆ. ದೃಶ್ಯದ ಶುರುವಿನಲ್ಲಿ ಯಾರ್ಯಾರು ಬಂದರು ಅಂತ ಒಂದು ಪಟ್ಟಿ ಇರುತ್ತಲ್ಲ, ಅದರೊಳಗೆ ಒಂದು ಹೆಸರು ಅಷ್ಟೇ.

ಸ್ಟೇಜ್ ಮೇಲೆ ಹಾಗಲ್ಲ. ಮದುವೆ ಸಂಭ್ರಮದಲ್ಲಿರೋ ಆಸ್ಥಾನ, ಎಲ್ಲರೂ ಬಣ್ಣಬಣ್ಣದ ಬಟ್ಟೆ ಹಾಕಿದ್ದಾರೆ, ಮೂಲೇಲಿ ಒಬ್ಬ ಮಾತ್ರ ಕಪ್ಪು ಬಟ್ಟೆಯಲ್ಲಿ ನಿಂತಿದ್ದಾನೆ, ಮಾತಿಲ್ಲ ಕತೆಯಿಲ್ಲ. (ಕಪ್ಪು ಬಟ್ಟೆ ನಿರ್ದೇಶಕರು ಸೇರಿಸಿದ್ದಲ್ಲ, ಮುಂದೆ ಅವನೇ ತಾಯಿಗೆ ಆ ಬಟ್ಟೆ ಬಗ್ಗೆ ಹೇಳ್ತಾನೆ.) ರಾಜ ಎಷ್ಟೇ ಚೆನ್ನಾಗಿ ಮಾತಾಡಲಿ, ನಮ್ಮ ಕಣ್ಣು ಆ ಕಪ್ಪು ಬಟ್ಟೆ ಕಡೆಗೇ ಹೋಗ್ತಿರುತ್ತೆ. ಅತ್ತಿಗೆ ಮದುವೆ ಅನ್ನೋ ಮಾತು ಬಂದಾಗ ಅವನು ತಲೆ ತಗ್ಗಿಸಿದ್ನಾ, ತಾಯಿಯನ್ನೇ ದಿಟ್ಟಿಸಿ ನೋಡಿದ್ನಾ, ಇವೆಲ್ಲ ನಮಗೆ ಕತೆ ಆಗುತ್ತೆ. ರಾಜನ ಭಾಷಣ ಅವನ ಮೌನದ ಮುಂದೆ ನಡೀತಿದೆ ಅಂತ ಅರ್ಥ ಆಗುತ್ತೆ. ಕಿವಿಗೆ ಬೀಳ್ತಿರೋದು ಅದೇ ಅರವತ್ತು ಚಿಲ್ಲರೆ ಸಾಲು, ಒಂದು ಅಕ್ಷರ ಹೆಚ್ಚಿಲ್ಲ ಕಡಿಮೆ ಇಲ್ಲ, ಆದ್ರೂ ದೃಶ್ಯ ಪೂರ್ತಿ ಬೇರೆ.

ಓದೋದಕ್ಕೂ ನೋಡೋದಕ್ಕೂ ಇರೋ ವ್ಯತ್ಯಾಸ ಏನು ಅಂತ ಯಾರಾದ್ರೂ ಕೇಳಿದ್ರೆ ನಾನು ಎಲ್ಲಕ್ಕಿಂತ ಮೊದಲು ಹೇಳೋದು ಇದನ್ನೇ. ಪುಟದ ಮೇಲೆ ಮಾತಾಡ್ತಿರೋನು ಮಾತ್ರ ಇರ್ತಾನೆ, ಸ್ಟೇಜ್ ಮೇಲೆ ಸುಮ್ಮನಿರೋನೂ ಇರ್ತಾನೆ. ಲೈಟು, ಸಂಗೀತ, ವೇಷಭೂಷಣ ಅಂತ ಜನ ಸಾಮಾನ್ಯವಾಗಿ ಹೇಳೋ ವ್ಯತ್ಯಾಸಗಳೆಲ್ಲ ನಿಜವೇ, ಆದ್ರೆ ನನ್ನ ಮಟ್ಟಿಗೆ ಅವೆಲ್ಲ ಆಮೇಲಿನವು.

ಇದಕ್ಕಿಂತ ಜೋರಾದ ಉದಾಹರಣೆ ಬೇಕಂದ್ರೆ ಗ್ರೀಕ್ ಕಡೆ ಹೋಗ್ಬೇಕು. ಕ್ರಿಸ್ತಪೂರ್ವ 458ರಲ್ಲಿ ಈಸ್ಕಿಲಸ್ ಆಡಿಸಿದ ಮೂರು ನಾಟಕಗಳ ಸರಣಿಯಲ್ಲಿ ಎರಡನೇದು, ಒರೆಸ್ಟಿಸ್ ತನ್ನ ಅಪ್ಪನ್ನ ಕೊಂದ ತಾಯಿ ಮೇಲೆ ಸೇಡು ತೀರಿಸಿಕೊಳ್ಳೋ ನಾಟಕ. ಅದರಲ್ಲಿ ಪಿಲಾಡಿಸ್ ಅಂತ ಒಬ್ಬ ಗೆಳೆಯ ಇದ್ದಾನೆ. ನಾಟಕದ ಶುರುವಿನಿಂದ ಒರೆಸ್ಟಿಸ್ ಬಂದಾಗೆಲ್ಲ ಜೊತೆಗೆ ಬರ್ತಾನೆ, ಹೋದಾಗ ಹೋಗ್ತಾನೆ, ಮಾತೇ ಇಲ್ಲ. ಆ ಕಾಲದ ನಾಟಕಗಳಲ್ಲಿ ಮಾತಿಲ್ಲದ ಸೇವಕರು, ಕಾವಲಿನವರು ಇರೋದು ಮಾಮೂಲಿ, ಇವನೂ ಅಂಥವನೇ ಒಬ್ಬ ಅಂತ ನೋಡೋರು ಅಂದ್ಕೊಂಡಿರ್ತಾರೆ. ಸುಮಾರು ಒಂಬೈನೂರು ಸಾಲು ಹೀಗೇ ಹೋಗುತ್ತೆ. ಕೊನೆಗೆ ತಾಯಿ ಎದುರಿಗೆ ನಿಂತು, ಈ ಎದೆಹಾಲು ಕುಡಿದು ಬೆಳೆದವನಲ್ವಾ ನೀನು ಅಂತ ಬೇಡಿಕೊಂಡಾಗ ಒರೆಸ್ಟಿಸ್ ಕೈ ನಡುಗುತ್ತೆ, ಪಕ್ಕಕ್ಕೆ ತಿರುಗಿ ಏನ್ ಮಾಡ್ಲಿ ಪಿಲಾಡಿಸ್ ಅಂತಾನೆ. ಆಗ ಆ ಮೂಗ ಅನ್ನಿಸಿದ್ದೋನು ಮಾತಾಡ್ತಾನೆ. ಮೂರೇ ಸಾಲು. ದೇವರ ಮಾತು ಏನಾಯ್ತು, ಲೋಕವೆಲ್ಲ ವೈರಿಯಾದ್ರೂ ಪರವಾಗಿಲ್ಲ ದೇವರನ್ನ ವೈರಿ ಮಾಡ್ಕೋಬೇಡ ಅನ್ನೋ ಅರ್ಥದ ಮೂರು ಸಾಲು. ಅಷ್ಟೇ, ತಾಯಿ ಕತೆ ಮುಗೀತು. ಪಿಲಾಡಿಸ್ ಮತ್ತೆ ಮಾತಾಡಲ್ಲ.

ಓದುವಾಗ ಏನಾಗುತ್ತೆ? ಎಡಗಡೆ "ಪಿಲಾಡಿಸ್" ಅಂತ ಹೆಸರು, ಪಕ್ಕದಲ್ಲಿ ಮೂರು ಸಾಲು. ಕಣ್ಣು ಸರ್ರನೆ ದಾಟಿಬಿಡುತ್ತೆ. ಪಾತ್ರಗಳ ಪಟ್ಟಿಯಲ್ಲಿ ಅವನ ಹೆಸರು ಮೊದಲೇ ಓದಿರ್ತೀವಿ, ಯಾವಾಗಲೋ ಮಾತಾಡ್ತಾನೆ ಅಂತ ಗೊತ್ತೇ ಇರುತ್ತೆ. ಕಲ್ಲುಕಂಬದ ಹಾಗೆ ಅಷ್ಟು ಹೊತ್ತು ನಿಂತಿದ್ದ ಮನುಷ್ಯ ಬಾಯಿ ತೆಗೆದಾಗ ಮೈ ಜುಂ ಅನ್ನೋದು ಅವನನ್ನ ಅಷ್ಟು ಹೊತ್ತು ನೋಡ್ತಾ ಕೂತಿದ್ದೋರಿಗೆ ಮಾತ್ರ. ಈಸ್ಕಿಲಸ್ ಬರೆದಿದ್ದು ಮೂರು ಸಾಲಾದ್ರೂ ಅವನು ಲೆಕ್ಕ ಹಾಕಿದ್ದು ಆ ಒಂಬೈನೂರು ಸಾಲಿನ ಮೌನವನ್ನ.

ನಮ್ಮ ಕಾವ್ಯಶಾಸ್ತ್ರದಲ್ಲಿ ಇದನ್ನ ಎಷ್ಟು ಚೆನ್ನಾಗಿ ಹೇಳಿದ್ದಾರೆ ನೋಡಿ. ಕಾವ್ಯವನ್ನ ಶ್ರವ್ಯ, ದೃಶ್ಯ ಅಂತ ಎರಡು ಮಾಡಿ ನಾಟಕವನ್ನ ದೃಶ್ಯದ ಕಡೆ ಇಟ್ಟರು. ಭರತನ ನಾಟ್ಯಶಾಸ್ತ್ರದಲ್ಲಿ ಅಭಿನಯ ನಾಲ್ಕು ಬಗೆ, ಮೈಯಿಂದ ಮಾಡೋ ಆಂಗಿಕ, ಮಾತಿನ ವಾಚಿಕ, ವೇಷ ಅಲಂಕಾರದ ಆಹಾರ್ಯ, ಒಳಗಿನ ಭಾವ ಮೈಮೇಲೆ ಕಾಣೋ ಸಾತ್ತ್ವಿಕ. ಈಗ ಕೈಯಲ್ಲಿ ಪುಸ್ತಕ ಹಿಡ್ಕೊಂಡು ಯೋಚನೆ ಮಾಡಿ, ಅದರಲ್ಲಿ ಈ ನಾಲ್ಕರಲ್ಲಿ ಎಷ್ಟಿದೆ? ವಾಚಿಕ ಒಂದಿದೆ, ಅದೂ ದನಿಯಿಲ್ಲದೆ. ಬಾಕಿ ಮೂರು ಓದೋರು ತಮ್ಮ ಕೈಯಿಂದ ಹಾಕ್ಕೋಬೇಕು. ಕಾಳಿದಾಸನ ಶಾಕುಂತಲದ ಮೊದಲನೇ ಅಂಕದಲ್ಲಿ ರಂಗಸೂಚನೆಗಳು ಹೇಗಿವೆ ಗೊತ್ತಾ, ಗಿಡಕ್ಕೆ ನೀರು ಹಾಕ್ತಾಳೆ ಅಂತ ಬರೆಯಲ್ಲ, ನೀರು ಹಾಕೋದನ್ನ ಅಭಿನಯಿಸ್ತಾಳೆ ಅಂತ ಬರೀತಾನೆ. ದುಂಬಿ ಕಾಟ ಕೊಡೋದೂ ಹಾಗೇ, ಅಭಿನಯ. ಅಲ್ಲಿ ನೀರೂ ಇಲ್ಲ ದುಂಬಿಯೂ ಇಲ್ಲ. ಓದೋ ನಾವು ಮನಸ್ಸಲ್ಲಿ ಒಂದು ನಿಜವಾದ ಆಶ್ರಮ, ನಿಜವಾದ ದುಂಬಿ ಕಲ್ಪಿಸ್ಕೊಂಡು ಕಾದಂಬರಿ ಥರ ಓದಿಬಿಡ್ತೀವಿ. ನೋಡೋರ ಮುಂದೆ ಇರೋದು ಖಾಲಿ ಜಾಗ, ಒಬ್ಬ ನಟಿಯ ಕಣ್ಣು ಮತ್ತೆ ಬೆರಳು. ಇಲ್ಲದ ದುಂಬಿಯನ್ನ ಆ ಕಣ್ಣು ಹಿಂಬಾಲಿಸೋದನ್ನ ನೋಡಿ ನಮಗೂ ದುಂಬಿ ಕಾಣೋಕೆ ಶುರುವಾಗುತ್ತಲ್ಲ, ಆ ಖುಷಿ ಓದಿನಲ್ಲಿ ಸಿಗೋ ಖುಷಿಗಿಂತ ಬೇರೆ ಜಾತಿಯದು. ಒಂದು ಮೇಲು ಒಂದು ಕೀಳು ಅಂತ ನಾನು ಹೇಳ್ತಿಲ್ಲ.

ಇನ್ನೊಂದು ದೊಡ್ಡ ವ್ಯತ್ಯಾಸ ಅಂದ್ರೆ ಓದುವಾಗ ನಾವು ಯಾವುದನ್ನೂ ತೀರ್ಮಾನ ಮಾಡ್ಬೇಕಾಗಿಲ್ಲ. ಆಡೋರಿಗೆ ಆ ಸವಲತ್ತಿಲ್ಲ. ಮ್ಯಾಕ್‌ಬೆತ್‌ನ ಔತಣದ ದೃಶ್ಯ ನಿಮಗೆ ಗೊತ್ತಿರುತ್ತೆ, ತಾನೇ ಕೊಲ್ಲಿಸಿದ ಬ್ಯಾಂಕೊನ ಭೂತ ಬಂದು ತನ್ನ ಕುರ್ಚಿಯಲ್ಲೇ ಕೂತಿರೋದು ಮ್ಯಾಕ್‌ಬೆತ್‌ಗೆ ಕಾಣುತ್ತೆ, ಬೇರೆ ಯಾರಿಗೂ ಕಾಣಲ್ಲ. 1623ರ ಫೋಲಿಯೊದಲ್ಲಿ, ಅಂದ್ರೆ ಷೇಕ್ಸ್‌ಪಿಯರ್ ನಾಟಕಗಳನ್ನ ಒಟ್ಟು ಸೇರಿಸಿದ ಮೊದಲ ಮುದ್ರಣದಲ್ಲಿ, ಭೂತ ಬಂದು ಮ್ಯಾಕ್‌ಬೆತ್‌ನ ಜಾಗದಲ್ಲಿ ಕೂರುತ್ತೆ ಅಂತ ಸ್ಪಷ್ಟವಾಗಿ ಸೂಚನೆ ಇದೆ. 1611ರಲ್ಲಿ ಗ್ಲೋಬ್ ಥಿಯೇಟರ್‌ನಲ್ಲಿ ನಾಟಕ ನೋಡಿದ ಸೈಮನ್ ಫೋರ್ಮನ್ ಅನ್ನೋನೂ ಭೂತ ಕುರ್ಚಿಯಲ್ಲಿ ಕೂತಿದ್ದನ್ನ ಬರೆದಿಟ್ಟಿದ್ದಾನೆ. ಆದ್ರೆ 1794ರಲ್ಲಿ ಕೆಂಬಲ್ ಅನ್ನೋ ದೊಡ್ಡ ನಟ ಲಂಡನ್‌ನಲ್ಲಿ ಇದನ್ನ ಆಡಿದಾಗ ಭೂತವನ್ನ ತರಲೇ ಇಲ್ಲ, ಖಾಲಿ ಕುರ್ಚಿ ನೋಡಿ ಹೆದರಿದ. ಈಗ ಕೂತು ಲೆಕ್ಕ ಹಾಕಿ. ರಕ್ತ ಮೆತ್ತಿಕೊಂಡ ಭೂತ ನಮಗೂ ಕಾಣಿಸಿದ್ರೆ ನಾವು ಮ್ಯಾಕ್‌ಬೆತ್ ತಲೆಯೊಳಗೆ ಕೂತ ಹಾಗೆ, ಊಟಕ್ಕೆ ಬಂದ ಅತಿಥಿಗಳೇ ಕುರುಡರ ಥರ ಕಾಣ್ತಾರೆ. ಕುರ್ಚಿ ಖಾಲಿ ಇದ್ರೆ ನಾವೂ ಅತಿಥಿಗಳ ಜೊತೆ ಊಟಕ್ಕೆ ಕೂತೋರು, ರಾಜನಿಗೆ ತಲೆ ಕೆಟ್ಟಿದೆ ಅಂತ ಪಕ್ಕದೋರ ಮುಖ ನೋಡೋರು. ಎರಡೂ ಒಟ್ಟಿಗೆ ಸಾಧ್ಯವೇ ಇಲ್ಲ, ಒಂದು ರಾತ್ರಿಗೆ ಒಂದೇ. ಓದೋರಿಗೆ? ಎರಡೂ ಒಟ್ಟಿಗೆ ಇರುತ್ತೆ, ಭೂತ ಇದೆ ಅಂತಲೂ ಇಲ್ಲ ಅಂತಲೂ ಅಂದ್ಕೊಂಡೇ ಪುಟ ತಿರುಗಿಸಬಹುದು, ಬೇಕಾದ್ರೆ ಎರಡನೇ ಸಲ ಓದುವಾಗ ಬದಲಾಯಿಸಬಹುದು.

ಹಾಗಾಗಿ ನಿಮಗೆ ಆದ ನಿರಾಸೆ ನನಗೆ ಚೆನ್ನಾಗಿ ಅರ್ಥ ಆಗುತ್ತೆ. ಮೂರು ಸಲ ಓದಿದ ನಿಮ್ಮ ತಲೆಯಲ್ಲಿ ಇದ್ದಿದ್ದು ಎಲ್ಲ ಬಾಗಿಲೂ ತೆರೆದಿದ್ದ ಹ್ಯಾಮ್ಲೆಟ್. ಅವತ್ತು ಸ್ಟೇಜ್ ಮೇಲೆ ಬಂದೋನು ಅದರಲ್ಲಿ ಒಂದು ಬಾಗಿಲಿಂದ ಬಂದ, ಉಳಿದದ್ದು ಮುಚ್ಚಿತು. ಚಾರ್ಲ್ಸ್ ಲ್ಯಾಂಬ್ ಅನ್ನೋ ಇಂಗ್ಲಿಷ್ ಪ್ರಬಂಧಕಾರ 1811ರಲ್ಲಿ ಇದೇ ಸಂಕಟವನ್ನ ಒಂದು ಪ್ರಬಂಧ ಮಾಡಿ ಬರೆದ, ಷೇಕ್ಸ್‌ಪಿಯರ್‌ನ ಮುದಿ ರಾಜ ಲಿಯರ್‌ನ ಆಡೋಕೇ ಆಗಲ್ಲ, ಸ್ಟೇಜ್ ಮೇಲೆ ಕಾಣೋದು ಕೋಲು ಊರಿಕೊಂಡು ತಡವರಿಸೋ ಒಬ್ಬ ಮುದುಕ, ಓದುವಾಗ ನಾವೇ ಲಿಯರ್ ಆಗಿರ್ತೀವಿ ಅನ್ನೋದು ಅವನ ವಾದ. ಅವನ ಮಾತಲ್ಲಿ ನಿಜ ಇದೆ. ಆದ್ರೂ ನಾನು ಒಪ್ಪಲ್ಲ, ಯಾಕಂದ್ರೆ ಆ ತಡವರಿಸೋ ಮುದುಕನ ಮೈಯೇ ಆ ನಾಟಕದ ಅರ್ಧ ಭಾಗ. ಕೊನೇ ದೃಶ್ಯದಲ್ಲಿ ಲಿಯರ್ ಸತ್ತ ಮಗಳನ್ನ ಎತ್ತಿಕೊಂಡು ಬರಬೇಕು. ಓದುವಾಗ ಅದು ಅರ್ಧ ಸಾಲಿನ ಸೂಚನೆ. ಸ್ಟೇಜ್ ಮೇಲೆ ವಯಸ್ಸಾದ ಒಬ್ಬ ನಟ ಇನ್ನೊಂದು ಮನುಷ್ಯದೇಹದ ಪೂರ್ತಿ ಭಾರ ಹೊತ್ತು ನಡೀಬೇಕು, ಕಾಲು ನಡುಗುತ್ತೆ, ಉಸಿರು ಕಟ್ಟುತ್ತೆ, ಆ ಉಸಿರಲ್ಲೇ ಮಾತಾಡ್ಬೇಕು. ಆ ಭಾರ ಕಲ್ಪನೆಗೆ ಬರಲ್ಲ ಸ್ವಾಮಿ, ನೋಡಬೇಕು.

ನೋಡಿದ್ರಷ್ಟೇ ಗೊತ್ತಾಗೋ ತಪ್ಪುಗಳೂ ಇರ್ತವೆ. ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ಒಂದು ಕಡೆ ದುರಂತ ನಾಟಕದ ಶಕ್ತಿಗೆ ಆಟವೂ ಬೇಡ ನಟರೂ ಬೇಡ ಅಂತಾನೆ, ಅಂದ್ರೆ ಓದಿದ್ರೂ ಸಾಕು ಅಂತ. ಅದೇ ಪುಸ್ತಕದಲ್ಲಿ ಇನ್ನೊಂದು ಕಡೆ, ನಾಟಕ ಬರೆಯೋನು ಎಲ್ಲವನ್ನೂ ಕಣ್ಣ ಮುಂದೆ ತಂದ್ಕೊಂಡು ಬರೀಬೇಕು ಅಂತ ಹೇಳಿ ಕಾರ್ಕಿನಸ್ ಅನ್ನೋ ನಾಟಕಕಾರನ ಉದಾಹರಣೆ ಕೊಡ್ತಾನೆ. ಅವನ ನಾಟಕದಲ್ಲಿ ಒಬ್ಬ ದೇವಸ್ಥಾನದಿಂದ ಆಚೆ ಬರ್ತಾನೆ, ಅದರಲ್ಲಿ ಏನೋ ಹೊಂದಾಣಿಕೆ ಇಲ್ಲ, ಕಣ್ಣಿಗೆ ಕಾಣದೇ ಇದ್ದಾಗ ಅದು ಗೊತ್ತಾಗ್ತಿರಲಿಲ್ಲ, ಆಡಿದಾಗ ನೋಡೋರು ಒಪ್ಪಲಿಲ್ಲ, ನಾಟಕ ಬಿದ್ದುಹೋಯ್ತು. ಎರಡು ಸಾವಿರ ವರ್ಷಕ್ಕೂ ಹಿಂದಿನ ಈ ಮಾತು ಪ್ರತಿ ರಿಹರ್ಸಲ್‌ನಲ್ಲೂ ನಿಜ ಆಗೋದನ್ನ ನಾನು ನೋಡಿದೀನಿ. ಟೇಬಲ್ ಸುತ್ತ ಕೂತು ರೀಡಿಂಗ್ ಮಾಡುವಾಗ ಎಲ್ಲ ಸರಾಗ, ಎದ್ದು ನಿಂತು ಬ್ಲಾಕಿಂಗ್ (ಯಾರು ಎಲ್ಲಿ ನಿಲ್ಬೇಕು, ಎಲ್ಲಿಂದ ಬರಬೇಕು ಅನ್ನೋದು) ಶುರು ಮಾಡಿದ ಮೊದಲ ದಿನ ಯಾರೋ ಕೇಳ್ತಾರೆ, ಸರ್ ನಾನು ಹೋದ ಸೀನ್‌ನಲ್ಲಿ ಆಚೆ ಹೋಗೇ ಇಲ್ವಲ್ಲ, ಈಗ ಎಂಟ್ರಿ ಹೇಗೆ ತಗೋಬೇಕು?

ಬರೀ ತಪ್ಪಲ್ಲ, ನಾಟಕದ ಕಟ್ಟೋಣವೇ ಸ್ಟೇಜಿನಿಂದ ಹುಟ್ಟಿರುತ್ತೆ, ಅದು ಓದುವಾಗ ಕಾಣಲ್ಲ. ಗಿರೀಶ ಕಾರ್ನಾಡರ ತುಘಲಕ್ (1964) ಓದಿದೋರಿಗೆ ಅದರಲ್ಲಿ ಅರಮನೆ ದೃಶ್ಯಗಳ ನಡುವೆ ಅಜೀಜ್, ಆಜಮ್ ಅನ್ನೋ ಇಬ್ಬರು ಕಳ್ಳರ ದೃಶ್ಯಗಳು ಬಂದು ಹೋಗೋದು ಗೊತ್ತು. ಕತೆಗೆ ವೆರೈಟಿ ಕೊಡೋಕೆ ಅಂತ ಅನ್ನಿಸಬಹುದು. ಆದ್ರೆ ಇದರ ಮೂಲ ಕಂಪನಿ ನಾಟಕಗಳ ಪರದೆಯಲ್ಲಿದೆ, ಕಾರ್ನಾಡರೇ ಇದನ್ನ ವಿವರಿಸಿದ್ದಾರೆ. ಆ ನಾಟಕಗಳಲ್ಲಿ ಮುಂದಿನ ಪರದೆ ಇಳಿಸಿ ಅದರ ಮುಂದಿನ ಕಿರಿದಾದ ಜಾಗದಲ್ಲಿ ಬೀದಿಯ ಹಾಸ್ಯದ ದೃಶ್ಯ ಆಡ್ತಿರುವಾಗ ಹಿಂದೆ ಅರಮನೆ ಸೆಟ್ ಜೋಡಿಸ್ತಿದ್ರು. ಮುಂದೆ ಸಾಮಾನ್ಯ ಜನ, ಹಿಂದೆ ದೊಡ್ಡವರು. ಸೆಟ್ ಬದಲಾಯಿಸೋಕೆ ಟೈಮ್ ಬೇಕು ಅನ್ನೋ ಕಷ್ಟದಿಂದ ಬಂದ ಏರ್ಪಾಡು ಅದು. ತುಘಲಕ್‌ನಲ್ಲಿ ಬರ್ತಾ ಬರ್ತಾ ಏನಾಗುತ್ತೆ ಅಂದ್ರೆ ಮುಂದಿನ ಜಾಗದೋನು ಹಿಂದಿನ ಜಾಗಕ್ಕೆ ನುಗ್ಗುತ್ತಾನೆ, ಅಜೀಜ್ ಅರಮನೆಯೊಳಗೆ ಹೋಗಿ ಸುಲ್ತಾನನ ಎದುರಿಗೇ ನಿಂತ್ಕೋತಾನೆ. ಓದುವಾಗ ಅದು ಕತೆಯ ಒಂದು ತಿರುವು ಮಾತ್ರ. ಆ ಎರಡು ಜಾಗವನ್ನ ಅಷ್ಟು ಹೊತ್ತು ಕಣ್ಣಲ್ಲಿ ಬೇರೆ ಬೇರೆ ಇಟ್ಟುಕೊಂಡಿದ್ದ ಪ್ರೇಕ್ಷಕನಿಗೆ ರಾಜ್ಯದ ಗೋಡೆಯೇ ಒಡೆದ ಹಾಗೆ. ನನಗಂತೂ ಇದು ಗೊತ್ತಾದ್ಮೇಲೆ ಆ ನಾಟಕವನ್ನ ಮೊದಲಿನ ಥರ ಓದೋಕೇ ಆಗಲಿಲ್ಲ.

ಟೈಮಿನ ವಿಷಯಕ್ಕೆ ಬರ್ತೀನಿ. ಓದುವಾಗ ಗಡಿಯಾರ ನಮ್ಮ ಕೈಯಲ್ಲಿ, ನೋಡುವಾಗ ಅವರ ಕೈಯಲ್ಲಿ. ರಷ್ಯನ್ ನಾಟಕಕಾರ ಚೆಕಾಫ್ 1904ರಲ್ಲಿ ತನ್ನ ಚೆರ್ರಿ ತೋಪಿನ ನಾಟಕವನ್ನ ಮಾಸ್ಕೋದಲ್ಲಿ ಒಂದು ತಂಡ ಆಡಿದಾಗ ಹೆಂಡತಿಗೆ ಪತ್ರ ಬರೆದು ಗೋಳಾಡಿದ್ದಾನೆ, ಹೆಚ್ಚಂದ್ರೆ 12 ನಿಮಿಷದಲ್ಲಿ ಮುಗೀಬೇಕಾದ ಕೊನೇ ಅಂಕವನ್ನ ಇವರು 40 ನಿಮಿಷ ಎಳೀತಿದ್ದಾರೆ ಅಂತ. ಅವನು ಅದನ್ನ ಕಾಮಿಡಿ ಅಂತ ಬರೆದಿದ್ದ, ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿ ಕಣ್ಣೀರಿನ ನಾಟಕ ಮಾಡಿದ. ಮಾತು ಅವೇ, 12 ನಿಮಿಷದಲ್ಲಿ ಆಡಿದ್ರೆ ನಗು, 40 ನಿಮಿಷದಲ್ಲಿ ಆಡಿದ್ರೆ ಅಳು! ಅದೇ ನಾಟಕದಲ್ಲಿ ಎಲ್ಲೋ ದೂರದಲ್ಲಿ, ಆಕಾಶದಿಂದ ಬಂದ ಹಾಗೆ, ತಂತಿ ಕಿತ್ತು ಹೋದಂಥ ಒಂದು ಶಬ್ದ, ದುಃಖದಿಂದ ಕರಗಿ ಹೋಗೋ ಶಬ್ದ ಅಂತ ಒಂದು ಸೂಚನೆ ಎರಡು ಸಲ ಬರುತ್ತೆ. ಓದುವಾಗ ಅದಕ್ಕಿಂತ ಚಂದದ ವಾಕ್ಯ ಇಲ್ಲ. ಸೌಂಡ್ ಮಾಡೋರಿಗೆ ಕೇಳಿ ಅದರ ಕಷ್ಟ! ಎಂಥ ತಂತಿ, ಆಕಾಶದ ಶಬ್ದ ಯಾವ ಸ್ಪೀಕರ್‌ನಿಂದ ಬರಬೇಕು, ಶಬ್ದ ದುಃಖದಿಂದ ಕರಗೋದು ಅಂದ್ರೆ ಏನು. ಇಲ್ಲಿ ಮಾತ್ರ ಓದೇ ಗೆಲ್ಲುತ್ತೆ ಅಂತ ನನ್ನ ಅಭಿಪ್ರಾಯ, ಆ ಶಬ್ದವನ್ನ ನಾನು ಮನಸ್ಸಲ್ಲಿ ಕೇಳಿದಷ್ಟು ಚೆನ್ನಾಗಿ ಯಾವ ಸ್ಟೇಜಲ್ಲೂ ಕೇಳಿಲ್ಲ.

ಮೌನದ ಲೆಕ್ಕ ಇನ್ನೂ ಸೂಕ್ಷ್ಮ. ನಾನು ಚಿಕ್ಕೋನಿದ್ದಾಗ ಒಂದು ತಂಡದಲ್ಲಿ ಪ್ರಾಂಪ್ಟ್ ಮಾಡೋ ಕೆಲಸ ನನ್ನದು, ಸೈಡ್ ವಿಂಗ್‌ನಲ್ಲಿ ಸಣ್ಣ ಲೈಟ್ ಹಾಕ್ಕೊಂಡು ಪುಸ್ತಕ ಹಿಡಿದು ಕೂರೋದು, ಯಾರಾದ್ರೂ ಮಾತು ಮರೆತ್ರೆ ಎತ್ತಿಕೊಡೋದು. ಒಂದು ನಾಟಕದಲ್ಲಿ ಮಗ ಮನೆ ಬಿಟ್ಟು ಹೋಗ್ತೀನಿ ಅಂದ್ಮೇಲೆ ಅಪ್ಪ "ಸರಿ, ಬಾಗಿಲು ಹಾಕ್ಕೊಂಡು ಹೋಗು" ಅನ್ನಬೇಕು. ಪುಸ್ತಕದಲ್ಲಿ ಎರಡು ಮಾತಿನ ನಡುವೆ ಮೂರು ಚುಕ್ಕಿ ಇತ್ತು, ಅಷ್ಟೇ. ರಿಹರ್ಸಲ್‌ನಲ್ಲೆಲ್ಲ ಎರಡು ಮೂರು ಸೆಕೆಂಡ್ ಬಿಟ್ಟು ಹೇಳ್ತಿದ್ದ ಹಿರಿಯ ನಟರು ಶೋ ದಿನ ಮಗನ್ನ ನೋಡ್ತಾ ನಿಂತುಬಿಟ್ರು. ನಾನು ಪುಸ್ತಕದಲ್ಲಿ ಕಣ್ಣಿಟ್ಟಿದ್ದೆ, ಮರೆತ್ರು ಅಂತಲೇ ಅಂದ್ಕೊಂಡೆ, "ಸರಿ ಬಾಗಿಲು" ಅಂತ ಪಿಸುಗುಟ್ಟಿದೆ. ಮುಂದಿನ ಸಾಲಿನೋರಿಗೆ ಕೇಳಿಸ್ತು. ಆಮೇಲೆ ಅವರು ಬೈಯಲಿಲ್ಲ, "ನೀನು ಪುಸ್ತಕ ನೋಡ್ತಿದ್ದೆ, ನನ್ನ ಕೈ ನೋಡಬೇಕಿತ್ತು" ಅಂದ್ರು. ಅವರು ಹೆಗಲ ಮೇಲಿದ್ದ ಟವೆಲ್ ತೆಗೆದು ಮಡಿಸ್ತಾ ಇದ್ರಂತೆ, ನಿಧಾನಕ್ಕೆ, ನಾಲ್ಕು ಮಡಿಕೆ, ಕೊನೇ ಮಡಿಕೆಗೆ ಮಾತು ಬರಬೇಕು ಅಂತ ಅವತ್ತೇ ಅವರಿಗೆ ಹೊಳೆದಿತ್ತು. ಮೂರು ಚುಕ್ಕಿಯಲ್ಲಿ ಒಂದು ಟವೆಲ್ ಇತ್ತು, ನನಗೆ ಕಾಣಲಿಲ್ಲ. ಅಲ್ಲಿಂದ ಈಚೆಗೆ ನಾಟಕದ ಪುಸ್ತಕದಲ್ಲಿ ಚುಕ್ಕಿ ಕಂಡ್ರೆ ನಾನು ನಿಲ್ತೀನಿ.

ಬೆಕೆಟ್ ಗೊಡೊಗಾಗಿ ಕಾಯೋ ನಾಟಕದ (ಮೊದಲ ಪ್ರದರ್ಶನ 1953, ಪ್ಯಾರಿಸ್) ಎರಡೂ ಅಂಕಗಳನ್ನ ಒಂದೇ ಥರ ಮುಗಿಸ್ತಾನೆ, ಹೋಗೋಣ್ವಾ ಅಂತ ಒಬ್ಬ, ಹೂಂ ನಡಿ ಅಂತ ಇನ್ನೊಬ್ಬ, ಆಮೇಲೆ ಅವರು ಅಲುಗಾಡಲ್ಲ ಅಂತ ಒಂದು ಸೂಚನೆ. ಓದಿದ್ರೆ ಅರೆ ಸೆಕೆಂಡ್, ಒಂದು ಚುರುಕಾದ ಮುಕ್ತಾಯ. ನೋಡಿದ್ರೆ ಇಬ್ಬರು ಮನುಷ್ಯರು ಅಲುಗಾಡದೆ ನಿಂತಿರ್ತಾರೆ, ಈಗ ಹೋಗ್ತಾರೆ ಈಗ ಹೋಗ್ತಾರೆ ಅಂತ ನಾವೂ ಅಲುಗಾಡದೆ ಕೂತಿರ್ತೀವಿ, ಲೈಟ್ ಹೋಗೋವರೆಗೂ ನಾವೂ ಕಾಯೋರೇ.

ಓದೋದರ ಪರವಾಗಿ ಇಷ್ಟು ಹೊತ್ತು ಕಡಿಮೆ ಹೇಳ್ದೆ ಅನ್ನಿಸ್ತಿದೆ. ಸ್ಟೇಜ್ ಮೇಲಿಂದ ಬರೋ ಮಾತು ಒಂದೇ ಸಲ ಕಿವಿಗೆ ಬೀಳುತ್ತೆ, ದಟ್ಟವಾದ ಪದ್ಯದ ನಾಟಕದಲ್ಲಿ ಒಂದು ರೂಪಕ ಅರ್ಥ ಆಗೋಷ್ಟರಲ್ಲಿ ಇನ್ನೆರಡು ಹೋಗಿಬಿಟ್ಟಿರ್ತವೆ. ಓದುವಾಗ ನಿಲ್ಲಬಹುದು, ಹಿಂದೆ ಹೋಗಬಹುದು, ಮೊದಲ ಅಂಕದಲ್ಲಿ ಬಂದ ಒಂದು ಪದ ನಾಲ್ಕನೇದರಲ್ಲಿ ತಿರುಗಿ ಬಂದಾಗ ಬೆರಳಿಟ್ಟು ನೋಡಬಹುದು. ಇನ್ನು ನಿಮ್ಮ ಬಾಯಿಪಾಠದ ಸಾಲುಗಳು ಕಾಣೆಯಾದ ಕಾರಣ ಸರಳ, ಹ್ಯಾಮ್ಲೆಟ್ ಪೂರ್ತಿ ಆಡಿದ್ರೆ ಸುಮಾರು ನಾಲ್ಕು ಗಂಟೆ ಬೇಕು, ಹಾಗಾಗಿ ಹೆಚ್ಚಿನ ತಂಡಗಳು ಕಟ್ ಮಾಡಿಯೇ ಆಡೋದು. ಪೂರ್ತಿ ಹ್ಯಾಮ್ಲೆಟ್ ಗೊತ್ತಿರೋದು ಓದಿದೋರಿಗೇ. ಅದೂ ಅಲ್ಲದೆ ಓದೋಕೆ ಅಂತಲೇ ಬರೆದ ನಾಟಕಗಳೂ ಇವೆ. ಇಬ್ಸೆನ್ ಪೀರ್ ಗಿಂಟ್ ಅನ್ನ 1867ರಲ್ಲಿ ಪುಸ್ತಕ ಮಾಡಿದಾಗ ಸ್ಟೇಜ್ ಮನಸ್ಸಲ್ಲಿ ಇರಲಿಲ್ಲ, ರಂಗಕ್ಕೆ ಬಂದಿದ್ದು 1876ರಲ್ಲಿ. ಬರ್ನಾರ್ಡ್ ಷಾ 1898ರಲ್ಲಿ ತನ್ನ ನಾಟಕಗಳನ್ನ ಎರಡು ಸಂಪುಟದಲ್ಲಿ ತಂದಾಗ ಓದೋರಿಗೆ ಅಂತಲೇ ಕಾದಂಬರಿ ಥರ ಉದ್ದುದ್ದ ರಂಗಸೂಚನೆ, ಮುನ್ನುಡಿ ಎಲ್ಲ ಬರೆದ.

ಎಲ್ಲಕ್ಕಿಂತ ಮುಖ್ಯ, ಓದಿದೋರಿಗೆ ಮಾತ್ರ ಆಡೋರು ಏನು ಸೇರಿಸಿದ್ರು ಅಂತ ಕಾಣುತ್ತೆ. ಷೇಕ್ಸ್‌ಪಿಯರ್‌ನ ಮೆಷರ್ ಫಾರ್ ಮೆಷರ್ ಕೊನೆಯಲ್ಲಿ ಡ್ಯೂಕ್ ಇಸಬೆಲ್ಲಾಗೆ ನನ್ನ ಮದುವೆ ಆಗು ಅಂತ ಎರಡು ಸಲ ಕೇಳ್ತಾನೆ. ಅವಳು ಸನ್ಯಾಸಿನಿ ಆಗೋಕೆ ಹೊರಟಿದ್ದೋಳು. ಅವಳ ಉತ್ತರ ಷೇಕ್ಸ್‌ಪಿಯರ್ ಬರೆದೇ ಇಲ್ಲ. ಒಂದು ಸಾಲೂ ಇಲ್ಲ. ಓದಿದ ಎಷ್ಟೋ ಜನಕ್ಕೆ ಇದು ಗೊತ್ತೇ ಆಗಿರಲ್ಲ, ಮದುವೆ ಆಯ್ತು ಶುಭಂ ಅಂತ ಪುಸ್ತಕ ಮುಚ್ಚಿರ್ತಾರೆ, ಯಾಕಂದ್ರೆ ಮಾತಾಡದೇ ಇರೋಳು ಪುಟದ ಮೇಲೆ ಇಲ್ಲವೇ ಇಲ್ಲ. ಆದ್ರೆ ನಟಿ ಅಲ್ಲಿ ನಿಂತಿದ್ದಾಳಲ್ಲ, ಅವಳು ಏನಾದ್ರೂ ಮಾಡಲೇಬೇಕು, ಕೈ ಕೊಡಬೇಕು ಇಲ್ಲಾ ಕೊಡದೇ ಇರಬೇಕು. ತುಂಬಾ ಕಾಲ ಕೈ ಕೊಡ್ತಿದ್ರು. 1970ರಲ್ಲಿ ಇಂಗ್ಲೆಂಡಿನ ರಾಯಲ್ ಷೇಕ್ಸ್‌ಪಿಯರ್ ಕಂಪನಿಗೆ ಜಾನ್ ಬಾರ್ಟನ್ ನಿರ್ದೇಶಿಸಿದಾಗ ಎಲ್ಲರೂ ಹೊರಟ ಮೇಲೂ ಇಸಬೆಲ್ಲಾ ಒಬ್ಬಳೇ ಸ್ಟೇಜ್ ಮೇಲೆ ಉಳಿದಳು, ಒಪ್ಪಲಿಲ್ಲ. ಒಂದು ಅಕ್ಷರ ಬದಲಾಯಿಸದೆ ನಾಟಕದ ಅರ್ಥವೇ ತಿರುಗಿತು.

ಹಾಗಾದ್ರೆ ಓದೋದು ಹೇಗೆ ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಇಷ್ಟು ಬರೆದಿದ್ದೇ ಅದಕ್ಕೆ. ಕಾದಂಬರಿ ಥರ ಮಲಗಿಕೊಂಡು ಓದಬೇಡಿ. ಟೇಬಲ್ ಮುಂದೆ ಕೂತು ಒಂದು ಹಿಡಿ ಗುಂಡಿಗಳನ್ನ ತಗೊಳ್ಳಿ, ಬಟ್ಟೆ ಗುಂಡಿ, ಬೇರೆ ಬೇರೆ ಬಣ್ಣದ್ದು ಇದ್ರೆ ಒಳ್ಳೇದು. ಪಾತ್ರ ಒಳಗೆ ಬಂದಾಗ ಒಂದು ಗುಂಡಿ ಟೇಬಲ್ ಮೇಲೆ ಇಡಿ, ಹೊರಗೆ ಹೋದಾಗ ತೆಗೀರಿ. ಹೋಗೋ ಸೂಚನೆ ಬರೋವರೆಗೂ ತೆಗೀಬಾರದು, ಅದೊಂದೇ ರೂಲು. ಡೈಲಾಗ್ ಜೋರಾಗಿ ಓದಿ, ಚುಕ್ಕಿ ಬಂದ ಕಡೆ ನಿಲ್ಲಿ, ಎರಡು ಪುಟಕ್ಕೊಮ್ಮೆ ತಲೆ ಎತ್ತಿ ಯಾವ ಗುಂಡಿ ತುಂಬಾ ಹೊತ್ತಿಂದ ಸುಮ್ಮನೆ ಕೂತಿದೆ ನೋಡಿ. ಮೊದಮೊದಲು ಮಕ್ಕಳಾಟ ಅನ್ನಿಸುತ್ತೆ, ಮೂರನೇ ದೃಶ್ಯಕ್ಕೆ ಬರೋ ಹೊತ್ತಿಗೆ ಆ ಸುಮ್ಮನಿರೋ ಗುಂಡಿ ಕಡೆಗೇ ಕಣ್ಣು ಹೋಗೋಕೆ ಶುರುವಾಗುತ್ತೆ.

ಮೊದಲು ಓದಬೇಕಾ ನೋಡಬೇಕಾ ಅನ್ನೋದಕ್ಕೆ ನನ್ನ ಅನುಭವದಲ್ಲಿ ಒಂದೇ ಉತ್ತರ ಇಲ್ಲ. ನಗೆನಾಟಕ ಮೊದಲು ನೋಡಿ, ಓದಿದ್ರೆ ಅರ್ಧ ನಗು ಸತ್ತೇ ಹೋಗುತ್ತೆ, ನೂರು ಜನ ಒಟ್ಟಿಗೆ ನಕ್ಕಾಗ ನಟ ಆ ನಗು ಇಳಿಯೋವರೆಗೂ ಮುಂದಿನ ಮಾತು ಹಿಡಿದಿಟ್ಟುಕೊಳ್ತಾನಲ್ಲ, ಅದು ಪುಸ್ತಕದಲ್ಲಿ ಎಲ್ಲಿ ಸಿಗಬೇಕು. ಹೊಸ ನಾಟಕವನ್ನೂ ಓದದೇ ಹೋಗಿ ನೋಡಿ. ಪದ್ಯ ತುಂಬಿದ ಹಳೇ ನಾಟಕಗಳನ್ನ ಮಾತ್ರ ಓದಿಕೊಂಡೇ ಹೋಗಿ. ನೋಡಿ ಬಂದ ವಾರದೊಳಗೆ ಮತ್ತೆ ಓದಿ, ಆ ನಟರ ದನಿ ಕಿವಿಯಲ್ಲಿ ಇರುವಾಗಲೇ. ಆಮೇಲೆ ಸಾಧ್ಯವಾದ್ರೆ ಅದೇ ನಾಟಕವನ್ನ ಬೇರೆ ತಂಡ ಆಡೋದನ್ನ ನೋಡಿ. 1896ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಚೆಕಾಫ್‌ನ ಕಡಲಕ್ಕಿ ನಾಟಕ ಮೊದಲ ರಾತ್ರಿಯೇ ನೆಲಕಚ್ಚಿತ್ತು, ಎರಡು ವರ್ಷ ಆದ್ಮೇಲೆ ಮಾಸ್ಕೋದಲ್ಲಿ ಬೇರೆ ತಂಡ ಆಡಿದಾಗ ಎತ್ತಿ ಹಿಡಿದರು. ನೀವು ನೋಡಿದ ಆ ಒಂದು ಹ್ಯಾಮ್ಲೆಟ್‌ನಿಂದ ಇಡೀ ನಾಟಕವನ್ನ ತೂಗಬೇಡಿ.

ಈಗ ಒಂದು ಕೆಲಸ ಮಾಡಿ. ಅದೇ ಮೊದಲ ಅಂಕದ ಎರಡನೇ ದೃಶ್ಯಕ್ಕೆ ವಾಪಸ್ ಹೋಗಿ, ಹ್ಯಾಮ್ಲೆಟ್‌ಗೆ ಕಪ್ಪು ಗುಂಡಿ ಇಡಿ, ಕ್ಲಾಡಿಯಸ್ ಮಾತನ್ನ ಜೋರಾಗಿ ಓದಿ, ಆಮೇಲೆ ನೀವು ನೋಡಿದ ಪ್ರದರ್ಶನದಲ್ಲಿ ಆ ಹುಡುಗ ಆಗ ಎಲ್ಲಿ ನಿಂತಿದ್ದ ಅಂತ ನೆನಪು ಮಾಡ್ಕೊಳ್ಳಿ. ನಿಮ್ಮ ಗುಂಡಿ ಎಲ್ಲಿದೆ, ಅವನು ಎಲ್ಲಿದ್ದ ಅಂತ ನನಗೂ ಬರೆದು ತಿಳಿಸಿ.